ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ‘ಲೋನ್ಲಿನೆಸ್’ ಬಗ್ಗೆ ಹೇಗೆ ಕೇಳುವುದು?

ಪ್ರಶ್ನೆ (ಬದಿಯಡ್ಕದಿಂದ):
ನಾನು ಪಾಲಿಯೇಟಿವ್ ತಂಡದ (ಗಂಭೀರ ಕಾಯಿಲೆಯವರಿಗೆ ಆರೈಕೆ ಮಾಡುವವರ) ಜೊತೆ ಮನೆಭೇಟಿಗೆ ಹೋಗುತ್ತೇನೆ. ಅಡಿಕೆ ತೋಟದ ನಡುವಿನ ಮನೆಗಳಲ್ಲಿ ವಯಸ್ಸಾದವರೇ ಜಾಸ್ತಿ. ಮಕ್ಕಳು ಬೆಂಗಳೂರು, ಗಲ್ಫ್. ನಮ್ಮ ಇಂಗ್ಲಿಷ್ ಫಾರ್ಮಿನಲ್ಲಿ ‘ಲೋನ್ಲಿನೆಸ್’ ಅಂತ ಒಂದು ಕಾಲಂ ಇದೆ. ‘ಒಂಟಿತನ ಉಂಟಾ ಅಜ್ಜಿ?’ ಅಂದರೆ ‘ಇಲ್ಲ ಮಗಾ, ಕೆಲಸದವಳು ದಿನಾ ಬರ್ತಾಳೆ’ ಎನ್ನುತ್ತಾರೆ. ಹೊರಟಾಗ ಮಾತ್ರ ಗೇಟಿನ ತನಕ ಬಂದು, ಏನಾದರೂ ಮಾತು ತೆಗೆದು ನಿಲ್ಲಿಸುತ್ತಾರೆ. ‘ಇಲ್ಲ’ ಅಂತ ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ಉತ್ತರ (ಕುಂಬಳೆ, ನಿವೃತ್ತ ಇಂಗ್ಲಿಷ್ ಮಾಸ್ಟ್ರು):
ಅಜ್ಜಿ ಉತ್ತರ ಕೊಟ್ಟದ್ದು ‘ಅಲೋನ್’ಗೆ. ‘ಆಲ್’, ‘ಒನ್’ ಸೇರಿ ಆದ ಪದ ಅದು. ಜೊತೆಗೆ ಯಾರೂ ಇಲ್ಲ, ಅಷ್ಟೇ ಅರ್ಥ. ‘ಲೋನ್ಲಿ’ ಅಂದರೆ ಬೇಕೆನಿಸಿದ ಒಡನಾಟ ಸಿಗದ ಸಂಕಟ. ಮನೆ ತುಂಬ ಜನ ಇದ್ದರೂ ಆಗಬಹುದು. ಮಧ್ಯಾಹ್ನ ಚಾವಡಿಯಲ್ಲಿ ಒಬ್ಬನೇ ಪೇಪರ್ ಓದುವುದು ನನಗೆ ಇಷ್ಟ, ಅದು ‘ಸಾಲಿಟ್ಯೂಡ್’. ಓದಿದ್ದನ್ನು ಹೇಳಲು ಯಾರಿದ್ದಾರೆ ಅನಿಸಿತೋ, ಅದು ‘ಲೋನ್ಲಿನೆಸ್’.

ಉತ್ತರ (ಮುಳ್ಳೇರಿಯದಿಂದ):
ಇಂಗ್ಲಿಷಿನಲ್ಲೂ ನೇರವಾಗಿ ಕೇಳದೆ ತಿಳಿಯುವ ದಾರಿ ಉಂಟು. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ಇದಕ್ಕೊಂದು ಅಳತೆ ಮಾಡಿದರು, 20 ಅಂಶಗಳದ್ದು. 2004ರಲ್ಲಿ ಬಂದ ಚಿಕ್ಕ ರೂಪದಲ್ಲಿ ಮೂರೇ ಪ್ರಶ್ನೆ. ಜೊತೆಗಾರರಿಲ್ಲ ಅನಿಸುತ್ತದಾ, ನಿಮ್ಮನ್ನು ಬಿಟ್ಟುಹಾಕಿದ್ದಾರೆ ಅನಿಸುತ್ತದಾ, ಎಲ್ಲರಿಂದ ದೂರ ಉಳಿದೆ ಅನಿಸುತ್ತದಾ. ಅಪರೂಪಕ್ಕೆ, ಕೆಲವು ಸಲ, ಆಗಾಗ ಅಂತ ಉತ್ತರ. ‘ಲೋನ್ಲಿ’ ಅನ್ನುವ ಪದವೇ ಅದರಲ್ಲಿಲ್ಲ, ಯಾಕೆಂದರೆ ಒಪ್ಪಿಕೊಳ್ಳಲು ಜನರಿಗೆ ಸಂಕೋಚ. ನಮ್ಮಲ್ಲಂತೂ ಮಕ್ಕಳನ್ನು ದೂರಿದ ಹಾಗೆ ಆಗುತ್ತದೆ ಅನ್ನುವ ಹೆದರಿಕೆ ಬೇರೆ.

ಮಾವ ತೀರಿದ ಮೇಲೆ ನಮ್ಮತ್ತೆ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದರು. ‘ಎಲ್ಲಾ ಚೆನ್ನಾಗುಂಟು. ಆಸರಿಂಗೆ (ಕುಡಿಯಲು) ಬೇಕೋ ಅಂತ ನಾನು ಕೇಳಲಿಕ್ಕೆ ಒಬ್ಬರೂ ಮನೆಗೆ ಬರುವುದಿಲ್ಲ’ ಅಂದರು. ಬಂದವರಿಗೆ ಬೆಲ್ಲ, ನೀರು ಕೊಟ್ಟು ಬೆಳೆದ ಜೀವ. ಸೊಸೆ ನೋಡಿಕೊಳ್ಳುತ್ತಾಳಾ ಅಂತಲೇ ಎಲ್ಲರೂ ಕೇಳಿದ್ದು. ನಿಮ್ಮ ಮನೆಗೆ ಯಾರು ಬರುತ್ತಾರೆ ಅಂತ ಯಾರೂ ಕೇಳಲಿಲ್ಲ.

ಹಾಗಾಗಿ ಸುಮ್ನೆ ಕೂತು ಕೇಳಿ: ಮನೆಗೆ ಕೊನೆಗೆ ಯಾರು ಬಂದಿದ್ದರು? ಮಾತಾಡಬೇಕು ಅನಿಸಿದರೆ ಯಾರಿಗೆ ಫೋನ್ ಮಾಡ್ತೀರಿ? ಹೊತ್ತೇ ಹೋಗದ್ದು ಯಾವಾಗ? ತುಳು ಮನೆಯಾದರೆ ತುಳುವಿನಲ್ಲೇ ಕೇಳಿ. ಫಾರ್ಮು ಕೈಯಲ್ಲಿ ಹಿಡಿದು ಮಾತ್ರ ಬೇಡ.

ಪ್ರಶ್ನೆ ಕೇಳಿದವರು:
ನಾಳೆ ಪೆರ್ಲ ಕಡೆ ಉಂಟು. ನರ್ಸಿಗೂ ಹೇಳ್ತೇನೆ, ಮದ್ದು ಕೊಟ್ಟ ಮೇಲೆ ಸ್ವಲ್ಪ ಹೊತ್ತು ಕೂರುವ ಅಂತ. ಆ ಕಾಲಂ ಜೀಪಿಗೆ ಬಂದ ಮೇಲೆ ತುಂಬಿದರಾಯ್ತು.