ಪೇಪರ್ ಎಲ್ಲಿ ರಾಯರೇ?

"ಮುಟ್ಟಬೇಡ, ಮುಟ್ಟಬೇಡ! ಮೊದಲು ಕೈ ಒರೆಸ್ಕೋ," ಅಂದರು ರಾಯರು.

ಸೀನು ಕೈಯಲ್ಲಿದ್ದ ಅರ್ಧ ಕೋಡುಬಳೆ ಬಾಯಿಗೆ ಹಾಕಿಕೊಂಡು ಪಂಚೆಗೆ ಕೈ ಒರೆಸಿದ. ಟೀಪಾಯಿ ಮೇಲೆ ಮಖಮಲ್ ಬಟ್ಟೆ, ಅದರ ಮೇಲೆ ಮೂಸಂಬಿ ಗಾತ್ರದ ಗಾಜಿನ ಗುಂಡು. ಗುಂಡಿನ ಹೊಟ್ಟೆಯಲ್ಲಿ ನೇರಳೆ ಬಣ್ಣದ ಹೂವೊಂದು ಕೂತಿತ್ತು.

"ಬಕರಾ," ಅಂದರು ರಾಯರು, ಕುಲದೇವರ ಹೆಸರು ಹೇಳಿದ ಹಾಗೆ.

"ಯಾರು?" ಅಂದ ಪುಟ್ಟಣ್ಣ.

"ಅವರೇ," ಅಂದರು ಅಡುಗೆಮನೆಯಿಂದ ಪದ್ಮಕ್ಕ.

"ಊರಿನ ಹೆಸರು ಕಣಯ್ಯ ಅದು! ಫ್ರಾನ್ಸಿನ ಲೊರೇನ್ ಸೀಮೆ. 1764ರಿಂದ ಅಲ್ಲಿ ಗಾಜಿನ ಕಾರ್ಖಾನೆ ಇದೆ. ಪ್ಯಾರಿಸ್ಸಲ್ಲಿ ಮಗಳ ಮನೆಗೆ ಹೋಗಿದ್ದಾಗ ಸಾಂತುವಾಂ ಅಂತ ಒಂದು ಕಡೆ, ಹಳೇ ಸಾಮಾನಿನ ಸಂತೆ ನಡೆಯುತ್ತೆ, ಅಲ್ಲಿ ಸಿಕ್ತು. ನೂರೆಪ್ಪತ್ತು ವರ್ಷದ ಪೇಪರ್‌ವೇಟು!"

ಸೀನು ಟೀಪಾಯಿಯ ಮೇಲೆ, ಕೆಳಗೆ, ಸೋಫಾ ಹಿಂದೆ ಎಲ್ಲ ಬಗ್ಗಿ ನೋಡಿದ. "ಸರಿ. ಪೇಪರ್ ಎಲ್ಲಿ ರಾಯರೇ?"

"ಪೇಪರ್ ಯಾಕೋ ಬೇಕು? ಇದು ಸಂಗ್ರಹ."

"ಅಂದ್ರೆ ಎಮ್ಮೆ ಇಲ್ಲ, ಹಗ್ಗ ಸಂಗ್ರಹ ಮಾಡ್ತಿದ್ದೀರಿ."

ರಾಯರಿಗೆ ಅಂಥ ಮಾತೆಲ್ಲ ಕಿವಿಗೆ ಬೀಳೋದಿಲ್ಲ. ಗುಂಡನ್ನು ಬೆಳಕಿಗೆ ಎತ್ತಿ ಹಿಡಿದರು. ಹೂವು ಇದ್ದಕ್ಕಿದ್ದ ಹಾಗೆ ಎರಡರಷ್ಟಾಯಿತು. ಒಂಚೂರು ವಾಲಿಸಿದರೆ ಎಸಳುಗಳೆಲ್ಲ ಅಂಚಿಗೆ ಹರಿದುಹೋದವು. "ನೋಡು, ಬಣ್ಣದ ಗಾಜಿನ ಕಡ್ಡಿಯನ್ನ ದೀಪದ ಉರಿಯಲ್ಲಿ ಮೆತ್ತಗೆ ಮಾಡಿ ಒಂದೊಂದೇ ಎಸಳು ತಿದ್ದೋದು. ಆಮೇಲೆ ಅದರ ಮೇಲೆ ಕರಗಿದ ತಿಳಿ ಗಾಜು. ಒಂದು ಗಾಳಿಗುಳ್ಳೆ ಸೇರಿದ್ರೆ ಮುಗೀತು. ಇನ್ನೊಂದು ಜಾತಿ ಇದೆ, ಮಿಲ್ಲೆಫಿಯೋರಿ, ಸಾವಿರ ಹೂವು ಅಂತ. ಬಣ್ಣಬಣ್ಣದ ಗಾಜು ಒಂದರ ಮೇಲೊಂದು ಸುತ್ತಿ ಉದ್ದಕ್ಕೆ ಎಳೀತಾರೆ. ಬಾಳೆದಿಂಡು ಹೆಚ್ಚಿದ ಹಾಗೆ ಹೆಚ್ಚಿದ್ರೆ ಬಿಲ್ಲೆಬಿಲ್ಲೇಲೂ ಅದೇ ಹೂವು."

"ಪಲ್ಯ ಆಗುತ್ತಾ?" ಅಂದ ಪುಟ್ಟಣ್ಣ.

"1845ರಲ್ಲಿ ವೆನಿಸ್ಸಿನ ಬಿಗಾಲಿಯಾ ಅನ್ನೋನು ವಿಯೆನ್ನಾ ವಸ್ತುಪ್ರದರ್ಶನದಲ್ಲಿ ಇಂಥ ಗುಂಡುಗಳನ್ನ ಇಟ್ಟಿದ್ದ. ಫ್ರೆಂಚರು ಬಿಡ್ತಾರಾ? ಸೇಂಟ್ ಲೂಯಿ, ಬಕರಾ, ಕ್ಲಿಶಿ, ಮೂರೂ ಕಾರ್ಖಾನೆಯವರು ಹಿಡಿದ್ರು ನೋಡು! ಆಗ ಅಂಚೆ ಅಗ್ಗ ಆಗಿತ್ತು, ಕಾಗದ ಬರೆಯೋ ಹುಚ್ಚು ಎಲ್ಲರಿಗೂ. ಮೇಜಿನ ಮೇಲೆ ಶಾಯಿಕುಡಿಕೆ, ಪಕ್ಕದಲ್ಲಿ ಇದು. 1860ರ ಹೊತ್ತಿಗೆ ಆ ಭರಾಟೆ ಇಳಿದೇಹೋಯ್ತು."

"ಅವರದ್ದು ಹದಿನೈದು ವರ್ಷಕ್ಕೆ ಇಳಿದ ಜ್ವರ. ನಿಮಗೆ ಈಗ ಏರಿದೆ," ಅಂದ ಸೀನು. "ಅವರಿಗಾದ್ರೂ ಹಾರಿಹೋಗೋಕೆ ಕಾಗದ ಇತ್ತು."

"ಕ್ಲಿಶಿಯವರ ಒಂದು ಹೂಬುಟ್ಟಿಯ ಗುಂಡು 1990ರಲ್ಲಿ ಎರಡೂವರೆ ಲಕ್ಷ ಡಾಲರ್ ದಾಟಿ ಹರಾಜಾಯ್ತು, ಗೊತ್ತಾ?"

ಪುಟ್ಟಣ್ಣ ನೆಟ್ಟಗೆ ಕೂತ. "ನಿಮ್ಮದೂ ಅಷ್ಟು ಬಾಳುತ್ತಾ?"

"ಇದು ಪ್ಯಾನ್ಸಿ. ಬಕರಾದವರು ಎಲ್ಲಕ್ಕಿಂತ ಹೆಚ್ಚು ಮಾಡಿದ ಹೂವು..." ರಾಯರ ದನಿ ಇಳಿಯಿತು.

"ಅಂದ್ರೆ ಅಲ್ಲಿಯ ಕನಕಾಂಬರ," ಅಂದರು ಪದ್ಮಕ್ಕ, ಕಾಫಿ ತಂದಿಡುತ್ತಾ. "ಮುಡಿಯೋಕಾಗಲ್ಲ, ದೇವರಿಗೆ ಏರಿಸೋಕಾಗಲ್ಲ. ಮೊನ್ನೆ ಬಿಸಿಲಲ್ಲಿ ಚೆನ್ನಾಗಿ ಕಾಣುತ್ತೆ ಅಂತ ಕಿಟಕಿ ಹತ್ರ ಇಟ್ರೆ ಇವರು ಬೆಂಕಿ ಬಿದ್ದ ಹಾಗೆ ಓಡಿಬಂದ್ರು."

"ಬೆಂಕಿ ಬೀಳೋದೇ! ಬಿಸಿಲು ಭೂತಗನ್ನಡಿಯಲ್ಲಿ ಸೇರೋ ಹಾಗೆ ಸೇರಿ ಕೆಳಗಿರೋದು ಹೊತ್ಕೊಳ್ಳುತ್ತೆ."

ಸೀನು ಕಾಫಿ ಲೋಟ ಕೆಳಗಿಟ್ಟ. "ತಾಳಿ, ತಾಳಿ. ಇದರ ಕೆಲಸ ಕಾಗದ ಕಾಯೋದು. ಇದು ಕಾಗದನೇ ಸುಡುತ್ತೆ! ರಾಯರೇ, ನಿಮ್ಮನೇಲಿ ಕಾಗದ ಇಲ್ಲದೇ ಇರೋದೇ ಕ್ಷೇಮ ಬಿಡಿ."

"ನಗು, ನಗು. ಅದೇ ಬಕರಾದಲ್ಲಿ ಯುದ್ಧದಲ್ಲಿ ಬಾಂಬು ಬಿದ್ದ ಚರ್ಚನ್ನ 1951ರಲ್ಲಿ ಕೆಡವಿದಾಗ ಅಡಿಗಲ್ಲಿನಲ್ಲಿ ಏನು ಸಿಕ್ತು? 1853 ಅಂತ ಬರೆದ ಪೇಪರ್‌ವೇಟು! ತೊಂಬತ್ತೆಂಟು ವರ್ಷ ಅಲ್ಲೇ ಇತ್ತು. ಅದನ್ನ ನೋಡಿದ ಮೇಲೆ ಕಾರ್ಖಾನೆಯವರು ಮರೆತ ಕಸುಬನ್ನ ಮತ್ತೆ ಕಲಿತ್ರು."

"ಅದಪ್ಪಾ ಪೇಪರ್‌ವೇಟು! ತೊಂಬತ್ತೆಂಟು ವರ್ಷ ಚರ್ಚು ಹಾರಿಹೋಗದ ಹಾಗೆ ಹಿಡ್ಕೊಂಡಿತ್ತು. ನಿಮ್ಮದು ಏನು ಹಿಡ್ಕೊಂಡಿದೆ? ಒಂದು ಚೀಟಿ ಕೊಡಿ ನೋಡೋಣ."

ರಾಯರಿಗೂ ಹಟ ಬಂತು. ಎದ್ದು ಹುಡುಕಿದರು. ದಿನಪತ್ರಿಕೆ ನಿಲ್ಲಿಸಿ ಎರಡು ವರ್ಷ. ಕರೆಂಟ್ ಬಿಲ್ಲು, ಬ್ಯಾಂಕಿನ ಲೆಕ್ಕ ಎಲ್ಲ ಮೊಬೈಲಲ್ಲಿ. ಕ್ಯಾಲೆಂಡರು ಗೋಡೆಯ ಮೊಳೆಯಲ್ಲಿ. ಲಗ್ನಪತ್ರಿಕೆ ಕೂಡ ಈಗ ವಾಟ್ಸಾಪಿನಲ್ಲೇ ಬರುತ್ತೆ.

"ತಗೊಳ್ಳಿ," ಅಂದರು ಪದ್ಮಕ್ಕ. "ನಿಮ್ಮ ಕೋಟಿನ ಜೇಬಲ್ಲಿ ಇದೊಂದಿತ್ತು."

ನಾಲ್ಕು ಮಡಿಕೆಯ ಚೀಟಿ. ಸೀನು ಬಿಡಿಸಿ ಟೀಪಾಯಿ ಮೇಲಿಟ್ಟ, ಪುಟ್ಟಣ್ಣ ಫ್ಯಾನು ಹಾಕಿದ, ಚೀಟಿ ಪಟಪಟ ಅಂತು, ರಾಯರು ಗುಂಡು ಇಟ್ಟರು. ನಿಂತಿತು! ಮೂವರೂ ಚಪ್ಪಾಳೆ ತಟ್ಟಿದರು. ಪದ್ಮಕ್ಕ ಮಾತ್ರ ಬಗ್ಗಿ ಗಾಜಿನೊಳಗಿಂದ ಇಣುಕಿ, ಆಮೇಲೆ ಪಕ್ಕದಿಂದ ಓದಿದರು.

"ಎಂಟುನೂರು ಯೂರೋ? ನನಗೆ ಎಂಬತ್ತು ಅಂದಿದ್ರಿ."

"ಗಾಜು ದೊಡ್ಡದಾಗಿ ತೋರಿಸುತ್ತೆ ಪದ್ಮಾ..."

"ಸೊನ್ನೇನೂ ಹುಟ್ಟಿಸುತ್ತಾ?"

ಪದ್ಮಕ್ಕ ಒಳಗೆ ಹೋದಮೇಲೆ ಬಹಳ ಹೊತ್ತು ಪಾತ್ರೆಗಳೇ ಮಾತಾಡಿದವು. ಪುಟ್ಟಣ್ಣ ಚಪ್ಪಲಿ ಮೆಟ್ಟಿಕೊಂಡು ಸದ್ದಿಲ್ಲದೆ ಜಾರಿದ. ಸೀನು ಮಾತ್ರ ಗುಂಡನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದ.

"ತೂಕ ಚೆನ್ನಾಗಿದೆ," ಅಂದ.

"ಸೀಸ ಬೆರೆಸಿದ ಗಾಜು. ಕ್ರಿಸ್ಟಲ್ಲು."

"ನಮ್ಮಪ್ಪಂದು ಒಂದು ಕಲ್ಲಿತ್ತು. ಹೊಳೆಕಲ್ಲು, ಎರಡು ಮುಷ್ಟಿಯಷ್ಟು. ಕೋರ್ಟಿನಲ್ಲಿ ಗುಮಾಸ್ತರಲ್ವಾ, ಮೂವತ್ತು ವರ್ಷ ಮೇಜಿನ ಮೇಲೆ ಅದೇ. ಒಂದು ಮಗ್ಗುಲಿಗೆ ನೀಲಿ ಶಾಯಿ ಇಳಿದುಬಿಟ್ಟಿತ್ತು. ರಿಟೈರಾದ ದಿನ ಹಾರದ ಜೊತೆ ಅದನ್ನೂ ಚೀಲದಲ್ಲಿ ಹಾಕ್ಕೊಂಡು ಬಂದ್ರು. ಆಮೇಲೆ ದಿನಾ ಪೇಪರ್ ಓದಿ, ಮಡಿಸಿ, ಮೇಲೆ ಅದನ್ನ ಇಡೋರು. ಫ್ಯಾನು ಇಲ್ಲದಿದ್ರೂ."

"ಈಗೆಲ್ಲಿದೆ?"

"ಮನೆಗೆ ಸುಣ್ಣ ಹೊಡೆಸುವಾಗ ಹೊರಗಿಟ್ಟಿದ್ವಿ. ಪಕ್ಕದ ಮನೆಯವನು ಆಟೋ ಚಕ್ರಕ್ಕೆ ಒತ್ತು ಕೊಟ್ಟಿದ್ದಾನೆ. ಇಳಿಜಾರು ನೋಡಿ."

"ಹೋಗಿ ಇಸ್ಕೊಂಡು ಬಾರೋ, ಮಾರಾಯ!"

ಸೀನು ಗುಂಡನ್ನು ಎಂಟುನೂರು ಯೂರೋ ಚೀಟಿಯ ಮೇಲೆ ಮೆಲ್ಲಗೆ ಇಳಿಸಿದ.

"ತಂದು ಯಾವ ಕಾಗದದ ಮೇಲೆ ಇಡಲಿ ರಾಯರೇ?"