ಜಾವಾದ ‘ಪ್ರೈವೇಟ್’ಗೆ ‘ಖಾಸಗಿ’ ಸರಿಯೋ, ‘ಖಾಸ’ ಸರಿಯೋ?

ಕಲಬುರಗಿಯಲ್ಲಿ ಡಿಪ್ಲೊಮಾ ಹುಡುಗರಿಗೆ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತೇನೆ. ಹೊರಗಿನ ಕೋಡ್ ಮುಟ್ಟದಂತೆ ತಡೆಯುವ ‘ಪ್ರೈವೇಟ್’ ಎಂಬ ಕೀವರ್ಡ್ ಬಂದಾಗಲೆಲ್ಲ ‘ಖಾಸಗಿ’ ಅನ್ನುತ್ತಿದ್ದೆ. ಹೋದ ವಾರ ಆ ಪದ ಕೈಕೊಟ್ಟಿತು.

ಒಬ್ಬ ವಿದ್ಯಾರ್ಥಿನಿ ತೊಗರಿ ಗೋದಾಮಿನ ಕ್ಲಾಸ್ (ಮಾಹಿತಿ, ಅದರ ಮೇಲಿನ ಕೆಲಸ ಎರಡನ್ನೂ ಒಟ್ಟಿಗೆ ಇಡುವ ಕೋಡ್) ಬರೆದಿದ್ದಳು. ಅದರಲ್ಲಿ ಮಾಹಿತಿ ಇಡುವ ಜಾಗ, ಅಂದರೆ ಫೀಲ್ಡಿನ ಹೆಸರು ‘ತೂಕ’. ಜಾವಾದಲ್ಲಿ ಕನ್ನಡ ಅಕ್ಷರದಲ್ಲೇ ಹೆಸರಿಡಬಹುದು, ಹುಡುಗರಿಗೆ ಅದೊಂದು ಖುಷಿ. ಫೀಲ್ಡು ಪ್ರೈವೇಟ್, ತೂಕ ಸೊನ್ನೆಗಿಂತ ಕೆಳಗಿಳಿಯದ ಹಾಗೆ, ಅದನ್ನು ಬದಲಿಸಲೆಂದೇ ಬರೆದ ಸೆಟ್ಟರ್‌ನಲ್ಲಿ ತಡೆಯನ್ನೂ ಇಟ್ಟಿದ್ದಳು. ಆದರೆ ಅದೇ ಕ್ಲಾಸಿನ ‘ಮಾರು’ ಮೆಥಡ್ (ಒಂದು ಕೆಲಸ ಮಾಡುವ ಕೋಡಿನ ತುಂಡು) ಸೆಟ್ಟರ್ ಕಡೆ ಹೋಗದೆ ‘ತೂಕ’ದಿಂದ ನೇರವಾಗಿ 12 ಕಳೆದಿತ್ತು. ಇದ್ದದ್ದು 10 ಕ್ವಿಂಟಲ್. ಪರದೆಯ ಮೇಲೆ ಮೈನಸ್ 2 ಬಂತು.

“ಸರ್, ಖಾಸಗಿ ಅಂತ ಬರದೀನಲ್ರಿ, ಮತ್ತ ಹ್ಯಾಂಗ ಮುಟ್ತು?”

ಅವಳನ್ನು ದಾರಿ ತಪ್ಪಿಸಿದ್ದು ನಾನು ಕೊಟ್ಟ ಪದ. ‘ಖಾಸಗಿ’ ಅಂದರೆ ಒಬ್ಬರದೇ, ಬೇರೆ ಯಾರೂ ಕೈಹಾಕುವಂತಿಲ್ಲ ಅನಿಸುತ್ತದೆ. ಜಾವಾದ ಲೆಕ್ಕದಲ್ಲಿ ಗಡಿ ಇರುವುದು ಕ್ಲಾಸಿಗೆ. ಅದರೊಳಗಿನ ಯಾವ ಮೆಥಡ್ ಬೇಕಾದರೂ ಫೀಲ್ಡನ್ನು ಮುಟ್ಟಬಹುದು. ಅಷ್ಟೇ ಅಲ್ಲ, ಒಂದು ಗೋದಾಮಿನ ಆಬ್ಜೆಕ್ಟ್ (ಆ ಕ್ಲಾಸಿನ ಅಚ್ಚಿನಿಂದ ಮಾಡಿದ್ದು) ಇನ್ನೊಂದು ಗೋದಾಮಿನ ‘ತೂಕ’ವನ್ನೂ ಓದಬಹುದು, ತಿದ್ದಬಹುದು. ಎರಡು ಆಬ್ಜೆಕ್ಟ್ ಸಮವೇ ಎಂದು ನೋಡುವ ‘ಈಕ್ವಲ್ಸ್’ ಬರೆಯುವಾಗ ನಾವೆಲ್ಲ ಮಾಡುವುದು ಇದನ್ನೇ.

ಆಗ ನೆನಪಾದದ್ದು ಮನೆಮಾತಿನ ‘ಖಾಸ’. ನಮ್ಮ ಕಡೆ ಒಡಹುಟ್ಟಿದವನು ‘ಖಾಸ ತಮ್ಮ’, ತಾಯಿಯ ಒಡಹುಟ್ಟಿದವನು ‘ಖಾಸ ಮಾವ’. ಎರಡೂ ಪದಗಳ ಮೂಲ ಅರಬ್ಬಿಯ ‘ಖಾಸ್’. ‘ಖಾಸಗಿ’ ಬಸ್ಸು, ಶಾಲೆಗಳ ಜೊತೆ ತಿರುಗಿ ‘ಸರ್ಕಾರದ್ದಲ್ಲ’ ಎನ್ನುವ ಕಡೆಗೆ ವಾಲಿದೆ. ‘ಖಾಸ’ದಲ್ಲಿ ಮನೆತನ ಉಳಿದಿದೆ. ಮನೆಯವರೆಲ್ಲರಿಗೂ ತೆರೆದದ್ದು, ಹೊರಗಿನವರಿಗೆ ಮುಚ್ಚಿದ್ದು. ಜಾವಾದ ಪ್ರೈವೇಟ್ ಥೇಟ್ ಹೀಗೇ. ‘ಖಾಸ ಫೀಲ್ಡು’ ಅಂದರೆ ಉಳಿದ ಜಿಲ್ಲೆಯವರಿಗೂ ಈ ಅರ್ಥ ಹತ್ತುತ್ತದೆಯೇ?

ಇನ್ನೊಂದು ಪದವೂ ಬೇಕಾಗಿದೆ. ಒಳಗಿನ ಮೆಥಡ್‌ಗಳೂ ಸೆಟ್ಟರ್ ಮೂಲಕವೇ ಹೋಗಲಿ ಎನ್ನಲು ಜಾವಾದಲ್ಲಿ ಕೀವರ್ಡ್ ಇಲ್ಲ. ‘ತೂಕ’ವನ್ನು ಬೇರೆಯದೇ ಪುಟ್ಟ ಕ್ಲಾಸಿಗೆ ಸಾಗಿಸಬೇಕು. ಅದನ್ನು ಗೋದಾಮಿನ ಕ್ಲಾಸಿನ ಒಳಗೇ ಬರೆದರೆ ಉಪಯೋಗವಿಲ್ಲ, ಒಳಕ್ಲಾಸಿನ ಪ್ರೈವೇಟ್ ಹೊರಕ್ಲಾಸಿಗೆ ತೆರೆದೇ ಇರುತ್ತದೆ. ಹೀಗೆ ಭದ್ರ ಮಾಡಿದ್ದಕ್ಕೆ ‘ಕೀಲಿ ಹಾಕಿದ ಫೀಲ್ಡು’ ಅಂದು ನೋಡಿದೆ. ಆದರೆ ಮುಂದೆ ಥ್ರೆಡ್ (ಏಕಕಾಲಕ್ಕೆ ನಡೆಯುವ ಕೆಲಸಗಳು) ಪಾಠದ ‘ಲಾಕ್’ಗೆ ಅದೇ ಪದ ಬೇಕಾಗುತ್ತದೆ. ಕಾಳು ತುಂಬುವುದಕ್ಕೂ ತೆಗೆಯುವುದಕ್ಕೂ ಒಂದೇ ಬಾಯಿ ಇರುತ್ತಿದ್ದ ಹಗೇವು, ಅಂದರೆ ಕಾಳು ಕೂಡಿಡುವ ನೆಲದೊಳಗಿನ ಗುಂಡಿ, ಮನಸ್ಸಿನಲ್ಲಿದೆ. ಬೀದರ್, ಯಾದಗಿರಿಯ ಹಳ್ಳಿಗಳಲ್ಲಿ ಆ ಬಾಯಿಗೆ, ಅದರ ಮುಚ್ಚಳಕ್ಕೆ ಏನನ್ನುತ್ತಿದ್ದರು?