ಫೋಲ್ಡರ್ ಹೆಸರೂ ಕಾಣದಂತೆ ಬ್ಯಾಕಪ್ ಮಾಡೋದು ಹೇಗೆ?

ಪ್ರಶ್ನೆ: ಕಲಬುರಗಿ ಹೈಕೋರ್ಟ್ ಪೀಠದಲ್ಲಿ ವಕೀಲಿ ಮಾಡುತ್ತೇನೆ. ಕೇಸ್ ಫೈಲ್‌ಗಳನ್ನು ಗೂಗಲ್ ಡ್ರೈವ್‌ಗೆ ಹಾಕಬೇಕು. ಜಿಪ್‌ಗೆ ಪಾಸ್‌ವರ್ಡ್ ಕೊಟ್ಟರೂ ಒಳಗಿನ ಹೆಸರುಗಳು ಕಾಣುತ್ತವೆ, ಅದರಲ್ಲೇ ಕಕ್ಷಿದಾರರ ಹೆಸರು, ಊರು ಎಲ್ಲಾ ಇರುತ್ತದೆ. ಏನು ಮಾಡಲಿ?

ಉತ್ತರ 1: ಸರ್, ಕ್ರಿಪ್ಟೋಮೇಟರ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಳ್ಳಿ. ಡ್ರೈವ್ ಫೋಲ್ಡರ್ ಒಳಗೆ ಒಂದು ವಾಲ್ಟ್ (ಪಾಸ್‌ವರ್ಡ್ ಹಾಕಿದ ಫೋಲ್ಡರ್) ಮಾಡಿದರೆ ಫೈಲು, ಅದರ ಹೆಸರು, ಫೋಲ್ಡರ್ ಹೆಸರು ಮೂರೂ ನಿಮ್ಮ ಕಂಪ್ಯೂಟರಿನಲ್ಲೇ ಎಇಎಸ್-256 ಅನ್ನೋ ಗೂಢಲಿಪಿ ವಿಧಾನದಲ್ಲಿ ಎನ್‌ಕ್ರಿಪ್ಟ್ ಆಗಿ ಆಮೇಲೆ ಅಪ್‌ಲೋಡ್ ಆಗುತ್ತವೆ. ಫೈಲ್ ಎಷ್ಟಿವೆ, ಎಷ್ಟು ದೊಡ್ಡವು, ಯಾವಾಗ ಬದಲಾದವು ಅನ್ನೋದು ಮಾತ್ರ ಆಚೆಗೆ ಗೊತ್ತಾಗುತ್ತದೆ.

ಉತ್ತರ 2: ನಾನು ಬೀದರ್‌ನವನು. ಪಾಸ್‌ವರ್ಡ್ ಮರೆತರೆ ಹೊಸದನ್ನು ಇಡಲು ಬೇಕಾಗುವ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ ಸರ್. ಪಾಸ್‌ವರ್ಡ್ ಮರೆತು ಅದೂ ಕಳೆದರೆ ಯಾರೂ ತೆಗೆದುಕೊಡಲಾರರು.

ಪ್ರಶ್ನೆ ಕೇಳಿದವರು: ಒಂದು ಅರ್ಜಿ ತಿದ್ದಿದರೆ ಇಡೀ ವಾಲ್ಟ್ ಮತ್ತೆ ಅಪ್‌ಲೋಡ್ ಆಗುತ್ತದಾ?

ಉತ್ತರ 1: ಇಲ್ಲ ಸರ್, ತಿದ್ದಿದ ಫೈಲ್ ಮಾತ್ರ.